ಅತ್ತೆಯ ಹಳೇ ಟೈಮು

ನನಗೆ ಗಡಿಯಾರದ ಮೇಲೆ ಅಷ್ಟಾಗಿ ನಂಬಿಕೆಯಿಲ್ಲ. ನನ್ನ ನೆನಪಿನ ಮೇಲೆ ಇನ್ನೂ ಕಡಿಮೆ. ಗಡಿಯಾರ ತಪ್ಪಿದರೆ ಮುಂದಕ್ಕೋ ಹಿಂದಕ್ಕೋ ಒಂದು ಕಡೆಗೆ ತಪ್ಪುತ್ತದೆ. ನೆನಪು ಕೇಳುವವರ ಮುಖ ನೋಡಿಕೊಂಡು ತಪ್ಪುತ್ತದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಯಾವುದಾದರೂ ತೀರಾ ಅಂದವಾಗಿ ಕಂಡರೆ ಅಲ್ಲಿ ನೀವು ಧಾರಾಳವಾಗಿ ಅನುಮಾನಪಡಬಹುದು.

ಎರಡನೇ ಮಹಾಯುದ್ಧದ ನಡುವೆ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಅಂದಿನಿಂದ ನಮ್ಮ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಎರಡು ಕಾಲಗಳು ಅಕ್ಕಪಕ್ಕದಲ್ಲಿ ನಡೆಯತೊಡಗಿದವು. ಆಫೀಸು, ರೈಲು, ಸೋಲ್ಜರುಗಳ ಬ್ಯಾರಕ್ಕು ಎಲ್ಲ ಹೊಸ ಟೈಮು. ದೇವಸ್ಥಾನದ ಗಂಟೆ, ಮಸೀದಿಯ ಕೂಗು, ಹಾಲಿನವಳ ಎಮ್ಮೆ ಹಳೇ ಟೈಮು. ಮದುವೆಗೆ ಕರೆಯಲು ಬಂದವರನ್ನು ಮೊದಲು ಕೇಳುತ್ತಿದ್ದುದೇ, “ಮುಹೂರ್ತ ಯಾವ ಟೈಮು?” ಎಂದು. ಪಂಚಾಂಗದವರು ಮಾತ್ರ ನಿಶ್ಚಿಂತರಾಗಿದ್ದರು. ಅವರ ಲೆಕ್ಕವೆಲ್ಲ ಘಳಿಗೆಯಲ್ಲಿ. ಸೂರ್ಯನನ್ನು ಸರ್ಕಾರ ಇನ್ನೂ ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಹಿಂದಿನ ಕಾಲದಲ್ಲಿ ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗುವಷ್ಟು ಹೊತ್ತನ್ನು ಒಂದು ಘಳಿಗೆ ಎನ್ನುತ್ತಿದ್ದರಂತೆ. ಆ ಜನಕ್ಕೆ ಕಾಲ ಓಡುತ್ತಿರಲಿಲ್ಲ, ಮೆಲ್ಲಗೆ ತುಂಬಿಕೊಳ್ಳುತ್ತಿತ್ತು.

ಹಲಸೂರು ಕೆರೆಯ ಹತ್ತಿರದ ನಮ್ಮ ಮನೆಯಲ್ಲಿ ಗೋಡೆಗಡಿಯಾರವನ್ನು ತಿರುಗಿಸಲು ನಮ್ಮ ಸೋದರತ್ತೆ ನಂಜಮ್ಮನವರು ಬಿಡಲಿಲ್ಲ. ಅದು ತೀರಿಹೋದ ಅವರ ಯಜಮಾನರದು. ಅಮ್ಮನಿಲ್ಲದ ನನ್ನನ್ನೂ ತಂಗಿ ಕಮಲಳನ್ನೂ ಸಾಕಿದವರು ಅತ್ತೆಯೇ. ಆದ್ದರಿಂದ ಮನೆಯ ಕಾಲವೂ ಅವರದೇ ಸುಪರ್ದಿನಲ್ಲಿತ್ತು. ಅಪ್ಪ ಸ್ಟೂಲು ಹತ್ತಿ ಮುಳ್ಳಿಗೆ ಕೈ ಹಾಕಿದಾಗ ಅತ್ತೆ ಕೆಳಗಿನಿಂದ ಅಂದರು: “ಇಳಿಯೋ. ಯುದ್ಧ ಮಾಡೋರು ಬೇಕಾದ್ರೆ ಬೇಗ ಏಳ್ಲಿ. ನಾನು ಯಾರ್ ಮೇಲೂ ಯುದ್ಧಕ್ಕೆ ಹೋಗಿಲ್ಲ.”

ಅಪ್ಪ ಇಳಿದರು.

ಇದರಿಂದ ನನಗಾದ ಲಾಭ ಯಾರಿಗೂ ತಿಳಿಯಲಿಲ್ಲ. ಐದಕ್ಕೆ ಆಫೀಸು ಬಿಟ್ಟು ಸೈಕಲ್ ತುಳಿದು ಮನೆ ಸೇರಿದರೆ ಅಲ್ಲಿ ಇನ್ನೂ ನಾಲ್ಕೂವರೆ. ಹೊರಟದ್ದಕ್ಕಿಂತ ಮೊದಲೇ ತಲುಪಿರುತ್ತಿದ್ದೆ. ಯಾರ ಲೆಕ್ಕಕ್ಕೂ ಸೇರದ ಆ ಹೊತ್ತಿನಲ್ಲಿ ಅತ್ತೆಯ ಎದುರು ಜಗಲಿಯ ಮೇಲೆ ಕೂತು, ಮೊರದಲ್ಲಿ ರೇಷನ್ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವುದು ನನ್ನ ಕೆಲಸ. ಆ ಅಕ್ಕಿಯಲ್ಲಿ ಕಲ್ಲಿಗೇನೂ ಬರವಿರಲಿಲ್ಲ. ಅವಸರದ ಬೆರಳಿಗೆ ಕಲ್ಲು ಅಕ್ಕಿಯಂತೆಯೇ ಕಾಣುತ್ತದೆ; ನಿಧಾನಿಸಿದಾಗ ತಾನಾಗಿ ಬೇರೆಯಾಗುತ್ತದೆ. ಆರಿಸುತ್ತಾ ಅತ್ತೆ ತಮ್ಮ ಮದುವೆಯ ದಿಬ್ಬಣದ ಕತೆ ಹೇಳುವರು. ಒಮ್ಮೆ ಗಾಡಿಯ ಎತ್ತು ಬಿಳಿ, ಒಮ್ಮೆ ಮಾಸಲು. ಒಮ್ಮೆ ಗಾಡಿ ಕೆರೆ ಏರಿಯ ಮೇಲೆ ನಿಂತುಬಿಟ್ಟಿತು, ಇನ್ನೊಮ್ಮೆ ಹಾರಿಕೊಂಡು ಬಂತು. ಆಗ ಹೊಸ ಹೊಸ ಬರವಣಿಗೆಯ ಹುಚ್ಚು ಹತ್ತಿದ್ದ ನಾನು ಸಾಕ್ಷಿ ಹಿಡಿದವನಂತೆ ಕೇಳಿದೆ, “ಅತ್ತೆ, ಹೋದ ಸಲ ಎತ್ತು ಬಿಳಿ ಅಂದಿದ್ರಿ?”

“ಹೋದ ಸಲ ಕೇಳ್ದೋನು ಬೇರೆ, ಈಗ ಕೇಳ್ತಿರೋನು ಬೇರೆ. ಇಬ್ರಿಗೂ ಒಂದೇ ಎತ್ತು ಕಟ್ಟಕ್ಕಾಗತ್ತಾ? ಕಲ್ಲು ನೋಡು.”

ನಾನು ಕಲ್ಲು ನೋಡಿದೆ.

ಹೀಗಿರುವಾಗ ಮದರಾಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಅತ್ತೆಗೆ ಆಗಲೇ ಉಬ್ಬಸ ಜೋರಾಗಿತ್ತು. ಬಚ್ಚಲಿನಿಂದ ಜಗಲಿಗೆ ಬರುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಯುದ್ಧದ ಕಾಲ, ರಜ ಸಿಗುವುದು ಕಷ್ಟ. ನಾನು ಮತ್ತೆ ಬರುವ ಹೊತ್ತಿಗೆ ಅವರು ಇರುವರೋ ಇಲ್ಲವೋ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ಅದನ್ನು ಆಡದಿರುವುದಕ್ಕಾಗಿ ಎಲ್ಲರೂ ಹಾಸಿಗೆ, ಚಟ್ನಿಪುಡಿ, ಮದರಾಸಿನ ಸೆಕೆ ಇವುಗಳ ಬಗ್ಗೆ ಬಹಳ ಮಾತಾಡಿದರು.

ಹೊರಡುವ ದಿನ ಅಪ್ಪ ಬೆಳಿಗ್ಗೆಯೇ ಹರಸಿ ಆಫೀಸಿಗೆ ಹೋದರು. ದಂಡಿನ ಸ್ಟೇಷನ್ನಿನಿಂದ ರೈಲು ಐದು ಗಂಟೆಗೆ, ರೈಲಿನ ಐದು. ಜಟಕಾ ಗೊತ್ತು ಮಾಡಿದವರು ಅತ್ತೆ: ನಾಲ್ಕಕ್ಕೆ ಬಾ ಎಂದು ಹೇಳಿಕಳಿಸಿದ್ದರು. ನನ್ನ ಕೈಗಡಿಯಾರ ಟ್ರಂಕಿನೊಳಗೆ ಸೇರಿತ್ತು. ನಾವು ಮೊರ ಮುಂದಿಟ್ಟುಕೊಂಡು ಕೂತೆವು. ಒಳಗೆ ಗೋಡೆಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಆ ಮನೆಯಲ್ಲಿ ಗಡಿಯಾರ ನೋಡಿದವರು ಒಂದು ಗಂಟೆ ಕೂಡಿಕೊಳ್ಳುವುದು ಉಸಿರಾಡುವಷ್ಟೇ ಅಭ್ಯಾಸ. ನಾನು ಕೂಡಿದೆನೆ? ಮರೆತೆ ಎಂದು ಒಂದು ನೆನಪು. ಕೂಡಿದೆ, ಹೊತ್ತು ಮೀರುತ್ತಿದೆ ಎಂದು ತಿಳಿಯಿತು, ಆದರೂ ಬೆರಳು ಕಲ್ಲಿನಿಂದ ಕಲ್ಲಿಗೆ ಹೋಗುತ್ತಲೇ ಇತ್ತು ಎಂದು ಇನ್ನೊಂದು. ಕಮಲಳನ್ನು ಕೇಳಿದರೆ, “ಸುಮ್ನಿರಣ್ಣ, ನೀನು ಕಂಬಕ್ಕೊರಗಿ ಬಾಯಿ ಬಿಟ್ಕೊಂಡು ನಿದ್ದೆ ಮಾಡ್ತಿದ್ದೆ” ಎನ್ನುತ್ತಾಳೆ. ಮೂರರಲ್ಲಿ ನನಗೆ ಎರಡನೆಯದು ಇಷ್ಟ. ಆದ್ದರಿಂದಲೇ ಅದನ್ನು ನಂಬಲು ಹೆದರಿಕೆ.

ಜಟಕಾ ಬಾಗಿಲಿಗೆ ಬಂದು ನಿಂತದ್ದೂ, ದೂರದಲ್ಲಿ ರೈಲು ಕೂಗಿದ್ದೂ ಒಟ್ಟಿಗೇ. ಗಾಡಿಯ ಗೌಸ್ ಸಾಬರು ಇಳಿದು ಅತ್ತ ಕಿವಿಗೊಟ್ಟರು.

“ಅರೇ ಅಮ್ಮಾ, ಮದ್ರಾಸ್ ಗಾಡಿ ಅಲ್ವಾ ಅದು? ನಾಲ್ಕಕ್ಕೆ ಬಾ ಅಂದ್ರಿ. ನಿಮ್ ಮನೆ ಟೈಮು ನಂಗೊತ್ತು, ಅದಕ್ಕೇ ಸರಿಯಾಗಿ ಬಂದೆ.”

“ನೀನು ಸರಿಯಾಗೇ ಬಂದಿದೀಯ ಸಾಬಿ,” ಎಂದರು ಅತ್ತೆ. “ರೈಲೇ ಬೇಗ ಹೋಯ್ತು.”

ಸಾಬರು ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. “ನಾಳೆ ಬರ್ತೀನಿ ಸಾಮಿ, ಹೊಸ ಟೈಮಿಗೆ,” ಎಂದು ಕುದುರೆ ತಿರುಗಿಸಿದರು.

ಅತ್ತೆ ಬೇಕೆಂದೇ ಮಾಡಿದರೇ ಎಂದು ನಾನು ಕೇಳಲಿಲ್ಲ. ಮರುದಿನ ಹೊರಟೆ. ಒಂದು ದಿನ ತಡವಾಗಿ ಮದರಾಸು ಸೇರಿದರೆ, ನನ್ನನ್ನು ವಿಚಾರಿಸಬೇಕಾಗಿದ್ದ ಮ್ಯಾನೇಜರೇ ಇನ್ನೂ ಊರಿನಿಂದ ಬಂದಿರಲಿಲ್ಲ. ಯುದ್ಧ ಮುಗಿದು ಸರ್ಕಾರ ತನ್ನ ಗಡಿಯಾರಗಳನ್ನು ಮತ್ತೆ ಹಿಂದಕ್ಕೆ ತಿರುಗಿಸಿ ಅತ್ತೆಯ ದಾರಿಗೆ ಬಂದಾಗ, ತಾವು ಗೆದ್ದದ್ದನ್ನು ನೋಡಲು ಅತ್ತೆ ಇರಲಿಲ್ಲ. ನಾನೂ ಹತ್ತಿರ ಇರಲಿಲ್ಲ.

ಆದರೆ ರೈಲು ತಪ್ಪಿದ ಆ ಸಂಜೆ ಇದ್ದೆ. ಹೇಳಬೇಕಾದ ಬುದ್ಧಿಮಾತು, ಹಾಕಬೇಕಾದ ಕಣ್ಣೀರು, ಮಾಡಬೇಕಾದ ನಮಸ್ಕಾರ ಎಲ್ಲ ಮುಗಿದುಹೋಗಿತ್ತು. ಲೋಕದ ಲೆಕ್ಕದಲ್ಲಿ ನಾನು ರೈಲಿನಲ್ಲಿದ್ದೆ. ಅಕ್ಕಿಯಲ್ಲಿ ಕಲ್ಲೂ ಉಳಿದಿರಲಿಲ್ಲ. ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬಂತು. ಬ್ಯಾರಕ್ಕಿನ ಕಹಳೆ ಯಾರನ್ನೋ ಕರೆದು ಸುಮ್ಮನಾಯಿತು. ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿದ್ದರು, ಉಬ್ಬಸ ಇಳಿದಿತ್ತು. ನಿದ್ದೆ ಬಂತೇನೋ ಎಂದುಕೊಂಡೆ.

“ಶೀನ, ಇದೀಯಾ?”

“ಇದೀನಿ ಅತ್ತೆ.”

“ಏನ್ ಮಾಡ್ತಿದೀಯ?”

“ಏನೂ ಇಲ್ಲ ಅತ್ತೆ.”

“ಹೂಂ,” ಎಂದರು ಅವರು, ಕಣ್ಣು ತೆರೆಯದೆ. “ನಿಧಾನವಾಗಿ ಮಾಡು.”