ಮೋತಿಬಿಯ ಕೊಟ್ಟಿಗೆಗೆ ಬಿದ್ದ ಗುಂಡು

ಡೋಣಿ ಊರಿನ ಬಾನುಬಿಗೆ ನೆಗೆಣ್ಣಿ ಮೋತಿಬಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಮೈದುನನ ಕೈಹಿಡಿದು ಅವಳು ಕಿರಿಯ ಸೊಸೆಯಾಗಿ ಬಂದ ವರ್ಷವೇ. ಅತ್ತೆ ಮೆಚ್ಚಿದ್ದು ಅವಳ ರೊಟ್ಟಿಯನ್ನು. ಅಣ್ಣತಮ್ಮಂದಿರು ಬೇರೆಯಾದಾಗ ಹಾಲು ಹಿಂಡುವ ಎಮ್ಮೆ ಹೋದದ್ದೂ ಅವಳ ಪಾಲಿಗೆ. ಹಿತ್ತಲ ನಡುವೆ ಗೋಡೆ ಎದ್ದರೂ ಬಾನುಬಿಯ ಕಣ್ಣು ದಿನವೂ ಅದನ್ನು ದಾಟುತ್ತಿತ್ತು.

೧೯೮೧ರ ಚಳಿಗಾಲದ ಒಂದು ನಸುಕಿನಲ್ಲಿ ಬಾನುಬಿ ಹಿತ್ತಲಲ್ಲಿ ಸಗಣಿಯ ಕುಳ್ಳು ತಟ್ಟುತ್ತಿದ್ದಾಗ ಕಪ್ಪತಗುಡ್ಡದ ಕಡೆಯಿಂದ ಬೆಂಕಿಯ ಗೆರೆಯೊಂದು ಇಳಿದು ಬಂತು. ಮೋತಿಬಿಯ ಕೊಟ್ಟಿಗೆಯ ತಗಡು ಸೀಳಿ, ಕುಂಬಳಕಾಯಿಯಷ್ಟು ದಪ್ಪನೆಯ ಲೋಹದ ಗುಂಡು ಎಮ್ಮೆಯನ್ನು ಕೊಂದಿತ್ತು.

ಸಂಜೆಯೊಳಗೆ ಮುಂಡರಗಿಯಿಂದಲೂ ಜನ ಬಂದರು. ಎಲ್ಲರೂ ಮೋತಿಬಿಯನ್ನೇ ಮಾತಾಡಿಸಿದರು.

“ಮ್ಯಾಲಿಂದ ಬೀಳೋದು ಸೈತ ಅಕಿ ಮನಿಗೇ ಬೀಳಬೇಕೇನು?” ಎಂದಳು ಬಾನುಬಿ.

“ಎಮ್ಮಿ ಸತ್ತೈತಿ, ಹುಚ್ಚಿ,” ಎಂದ ಗಂಡ ಯಮನೂರಸಾಬ.

ಗದಗಿನ ವಕೀಲ ಮಾರ್ತಾಂಡರಾಯರು ಗುಂಡು ನೋಡಲು ಬಂದವರು ಕಟ್ಟೆಯ ಮೇಲೆ ಕೂತು ತಿಳಿಸಿ ಹೇಳಿದರು. “ಇದು ಯಾವುದೋ ದೇಶದ ರಾಕೆಟ್ಟಿನ ಚೂರು ಇದ್ದಂಗದ. ಹಿಂಗ ಬಿದ್ದು ಲುಕ್ಸಾನ ಆದ್ರ, ಹಾರಿಸಿದ ದೇಶನ ಭರ್ತಿ ಮಾಡಿಕೊಡಬೇಕಂತ ದೇಶದೇಶಗಳ ನಡುವ ಕರಾರು ಆಗ್ಯದ. ಅವರದು ತಪ್ಪು ಅಂತ ನಾವು ತೋರಸಬೇಕಾಗಿಲ್ಲ. ತನ್ನ ಉಪಗ್ರಹ ಅಲ್ಲಿ ಬಿದ್ದದ್ದಕ್ಕ ಕೆನಡಾಕ್ಕ ರೊಕ್ಕ ಕೊಡಾಕ ರಷ್ಯಾ ಈ ವರ್ಷ ಒಪ್ಪ್ಯದ. ಆದ್ರ ಕೇಳೋದು ನೀವಲ್ಲ, ದಿಲ್ಲಿ ಸರಕಾರ. ಅದಕ್ಕ ಮೊದಲ ಇದು ಯಾರದು ಅಂತ ಗೊತ್ತಾಗಬೇಕು. ಯಾವ ದಿಕ್ಕಿನಿಂದ, ಎಷ್ಟೊತ್ತಿಗೆ ಬಿತ್ತು ಅಂತ ಕಣ್ಣಾರೆ ನೋಡಿದವರು ಪಂಚನಾಮಿಯೊಳಗ ಹೇಳ್ರಿ, ಅದರ ಮ್ಯಾಲಿಂದ ಹಾರಿಸಿದವರು ಯಾರಂತ ಹುಡುಕಾಕ ಬರ್ತದ.”

ಪಂಚನಾಮೆಯ ದಿನ ತಹಶೀಲ್ದಾರರ ಎದುರು ಮೋತಿಬಿ ಕೇಳಿದಳು, “ಅಕ್ಕಾ, ನೀ ಹಿತ್ತಲದಾಗ ಇದ್ದಿ ಅಲ್ಲ?”

ಬಾನುಬಿಯ ಕಣ್ಣ ಮುಂದೆ ಪರಿಹಾರದ ಹಣದಲ್ಲಿ ಏಳುವ ಮೋತಿಬಿಯ ಹೊಸ ಹೆಂಚಿನ ಮನೆ, ಪೇಪರಿನಲ್ಲಿ ಅವಳ ಫೋಟೋ ಸುಳಿದವು. “ಇದ್ದೆ. ಬಗ್ಗಿ ಕುಳ್ಳು ತಟ್ಟತಿದ್ದೆ. ಏನೂ ನೋಡಿಲ್ರಿ,” ಎಂದಳು.

ಗುಂಡನ್ನು ಜೀಪಿನಲ್ಲಿ ಒಯ್ದರು. ವರ್ಷ ಕಳೆದ ಮೇಲೆ ಮೇಲಿನವರಿಂದ ಉತ್ತರ ಬಂತು: ಯಾವ ದೇಶದ್ದೆಂದು ತಿಳಿಯಲಿಲ್ಲ, ಪರಿಹಾರ ಕೇಳಲು ಬರುವುದಿಲ್ಲ.

ಮೋತಿಬಿ ತನ್ನ ಬೆಳ್ಳಿಯ ಕಾಲ್ಗಡಗ ಮಾರಿ ಇನ್ನೊಂದು ಎಮ್ಮೆ ಕಟ್ಟಿದಳು. ಅದು ಈದಾಗ ಹೊಸ ಹಾಲಿನ ಗಿಣ್ಣ ಮಾಡಿ ಬಾನುಬಿಗೆ ತಾನೇ ತಂದುಕೊಟ್ಟಳು.

“ಅವತ್ತು ನೀ ಮ್ಯಾಲ ನೋಡಿಕೋತ ನಿಂತಿದ್ದಿ, ಅಕ್ಕಾ. ನಾ ಬಾಗಲದಾಗಿಂದ ಕಂಡಿದ್ದೆ,” ಎಂದಳು ಮೆಲ್ಲಗೆ. “ನಾಕು ಮಂದ್ಯಾಗ ನಿನ್ನ ಸುಳ್ಳಿ ಅನಸೂದು ಬ್ಯಾಡಂತ ಸುಮ್ಮನಾದೆ.”

ಬಾನುಬಿಯ ಮುಖ ಕೆಂಪೇರಿತು. ಒಂದು ತುಣುಕು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು.

“ಬೆಲ್ಲ ಕಡಿಮಿ ಬಿದ್ದೈತಿ,” ಎಂದಳು.