ಪೌಡರಿನ ಕರಾಮತ್ತು

ವಯಸ್ಸಾದಂತೆ ಮೈಯ ಮಾಂಸ ಕರಗುತ್ತದಂತೆ. ಹಾಗೆಂದು ಹೇಳಿ ಕೊಪ್ಪಳದ ಡಾಕ್ಟರು ನನಗೆ ಪ್ರೋಟೀನ್ ಪೌಡರು ಬರೆದುಕೊಟ್ಟರು. ಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆದೆ. ಗಪ್ಪೆಂದು ವೆನಿಲ್ಲಾ ವಾಸನೆ. ಯಾರಿಗಾದರೂ ಐಸ್‌ಕ್ರೀಮು ನೆನಪಾಗಬೇಕು. ನನಗೆ ನೆನಪಾದದ್ದು ಮಂಗಳೂರು. ಸಮುದ್ರ ಇರುವುದಲ್ಲ, ಯಲಬುರ್ಗಾ ಕಡೆಯ ನಮ್ಮ ಮಂಗಳೂರು.

ಅಲ್ಲಿ ಅಪ್ಪನದು ಬಟ್ಟೆ ಅಂಗಡಿ. ಬಸ್ಸಿನಲ್ಲಿ ಕೊಪ್ಪಳದ ಕಾಲೇಜಿಗೆ ಹೋಗಿಬರುತ್ತಿದ್ದ ತಂಗಿ ಗಿರಿಜಾ, ಪಾಠದ ಜೊತೆಗೆ ಭಾರ ಎತ್ತುವುದನ್ನೂ ಕಲಿತುಬಿಟ್ಟಳು. ನಾನು ಒಂದು ಥಾನು ಬಟ್ಟೆ ಇಳಿಸಿ ಏದುಸಿರು ಬಿಡುವಷ್ಟರಲ್ಲಿ ಅವಳು ಇಡೀ ಗಂಟನ್ನೇ ಒಳಗೆ ಒಯ್ದಿರುತ್ತಿದ್ದಳು. ಒಂದು ದಿನ ಅವಳ ಕಾಲೇಜಿನ ದೈಹಿಕ ಶಿಕ್ಷಕರು ಅಂಗಡಿಗೇ ಬಂದರು.

“ಹುಡುಗಿ ಕೈಯಾಗ ಭಾಳ ಕಸುವು ಐತ್ರಿ. ದಿನಾ ತತ್ತಿ ತಿನ್ನಸ್ರಿ.”

ಮೊಟ್ಟೆಯ ಮಾತು ಕೇಳಿ ಅಪ್ಪ ಗಿರಾಕಿಗಳ ಕಡೆ ನೋಡಿ ದನಿ ತಗ್ಗಿಸಿದ. “ನಮ್ಮ ಮನ್ಯಾಗ ತತ್ತಿ ಹೆಸರು ತಗೀಬ್ಯಾಡ್ರಿ ಸರ್.”

ಹಾಗೆ ಬಂದದ್ದು ಪೌಡರು. ಹಾಲಿನಿಂದ ಮಾಡಿದ್ದು ಎಂದು ತಿಳಿದದ್ದೇ ಅವ್ವ ಅದನ್ನು ದೇವರ ಜಗಲಿಯಲ್ಲಿ, ವಿಭೂತಿ ಗಟ್ಟಿಯ ಪಕ್ಕ ಇಟ್ಟಳು. ಇಂಥ ಪವಿತ್ರ ವಸ್ತುವನ್ನು ಒಬ್ಬಳೇ ಕುಡಿಯುವುದುಂಟೇ? ಮೊಣಕಾಲು ನೋವಿಗೆಂದು ಅಪ್ಪ ಕುಡಿದ. ಕೂದಲು ಉದುರುತ್ತದೆಂದು ಅಪ್ಪನ ತಂಗಿ, ನಮ್ಮ ಅತ್ತಿ, ಕುಡಿದಳು. ನಾನೂ ಕುಡಿದು ಕನ್ನಡಿಯ ಮುಂದೆ ತೋಳು ಮಡಚಿ ಕಾದೆ. ವ್ಯಾಯಾಮದ ಕೆಲಸವನ್ನೂ ಪೌಡರೇ ನೋಡಿಕೊಳ್ಳುತ್ತದೆಂಬುದು ನನ್ನ ಗಾಢ ನಂಬಿಕೆ. ತೋಳು ಇದ್ದಷ್ಟೇ ಇತ್ತು. ಅಪ್ಪನ ಹೊಟ್ಟೆ ಮಾತ್ರ ಬೆಳೆಯಿತು.

ಗಿರಿಜಾ ಅಂತರ ಕಾಲೇಜು ಸ್ಪರ್ಧೆಯಲ್ಲಿ ಗೆದ್ದು ಬಂದಾಗ ಅಪ್ಪ ಅಂಗಡಿಯ ಮುಂದೆ ಪೇಢೆ ಹಂಚುತ್ತ, “ಎಲ್ಲಾ ಪೌಡರಿನ ಕರಾಮತ್ತು ನೋಡ್ರಿ” ಎಂದ. ಅರ್ಧ ಪೇಟೆಗೆ ಪೌಡರಿನ ರುಚಿ ಹತ್ತಿತು.

ಆದರೆ ಅಪ್ಪನ ಹೆಮ್ಮೆಗೂ ಒಂದು ಗಡಿ ಇತ್ತು. ಕುಷ್ಟಗಿಯಿಂದ ಗಂಡಿನ ಕಡೆಯವರು ಬಂದು ಕೂತರು. ಹುಡುಗನ ದೊಡ್ಡಪ್ಪ ಅವಲಕ್ಕಿಯ ತಟ್ಟೆ ಹಿಡಿದುಕೊಂಡೇ ಕೇಳಿದರು: “ಹುಡುಗಿ ಭಾರ ಎತ್ತತಾಳಂತಲ್ರಿ?”

ಅಪ್ಪ ನಕ್ಕ. “ಏ, ಅದು ಪೌಡರಿನ ಕಸುವ್ರೀ. ಕುಡಿಯೋದು ಬಿಟ್ರ ತಾನ ಇಳಿತೈತಿ.”

ಒಳಗಿದ್ದ ಗಿರಿಜಾ ಹೊರಗೆ ಬಂದು ನಿಂತಳು. ಮುಖ ಕೆಂಪಾಗಿತ್ತು. “ಅಪ್ಪಾ, ಎರಡನೇ ದಿನಕ್ಕ ನಾ ಅದನ್ನ ಬಿಟ್ಟೀನಿ. ಬಾಯಿಗೆ ಸುಣ್ಣ ಮೆತ್ತಿದಂಗ ಆಗತಿತ್ತು. ಕುಡದವ್ರು ನೀವು. ಈ ಕಸುವು ಇಳಿಯಂಗಿಲ್ಲ. ದಿನಾ ಎತ್ತಿ ಎತ್ತಿ ಗಳಸೀನಿ.”

ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗು ಸರಿಮಾಡಿಕೊಂಡಳು. “ಬಸ್ಸಿನ ದಾರ್ಯಾಗ ತಳಕಲ್ಲಾಗ ಗೆಳತಿ ಮನಿಗೆ ಓದಾಕ ಹೊಕ್ಕಾಳಲ್ರಿ, ಅಲ್ಲಿ ತತ್ತಿ ತಿಂತಾಳ. ನಾನ ಕಳಸೀನಿ.”

ಅವಲಕ್ಕಿ ತಟ್ಟೆಯಲ್ಲೇ ಉಳಿಯಿತು. ಬಂದವರು ಚಪ್ಪಲಿ ಹುಡುಕುವ ಸದ್ದಷ್ಟೇ ಕೇಳಿತು.

ಅಪ್ಪ ಅವ್ವನೊಡನೆ ಮಾತು ಬಿಟ್ಟ. ಗಿರಿಜಾಳ ಕಾಲೇಜೂ ಮುಗಿಯಿತೆಂದೇ ನಾವು ತಿಳಿದೆವು. ಅವಳು ಊಟ ಮಾಡದೆ ಮಲಗುತ್ತಿದ್ದಳು. ಕೊನೆಗೆ ಒಂದು ಮುಂಜಾನೆ ಅಂಗಡಿಗೆ ಹೊರಟ ಅಪ್ಪ, ಹೊಸ್ತಿಲಲ್ಲಿ ನಿಂತು, ಗೋಡೆಯ ಜೊತೆ ಮಾತಾಡುವವನಂತೆ ಅಂದ:

“ಆ ತಳಕಲ್ಲಿನವರ ಮನಿಗೆ ಒಂದ್ ಚೀಲ ಜ್ವಾಳ ಕಳಸ್ರಿ. ಮಂದಿ ಮನ್ಯಾಗ ಎಷ್ಟಂತ ಪುಕ್ಕಟ ತಿನ್ನಬೇಕು?”

ಅವ್ವ ತಲೆ ಎತ್ತಲಿಲ್ಲ, ರೊಟ್ಟಿ ಬಡಿಯುತ್ತಲೇ ಇದ್ದಳು. ಗಿರಿಜಾ ಎದ್ದು ಬಸ್ಸಿಗೆ ಓಡಿದಳು.

ಈಗ ಅವಳು ಗಂಗಾವತಿಯಲ್ಲಿ ಹೆಣ್ಣುಮಕ್ಕಳಿಗೆ ಭಾರ ಎತ್ತುವುದನ್ನು ಕಲಿಸುತ್ತಾಳೆ. ಡಬ್ಬಿಯ ಸುದ್ದಿ ಹೇಳಲು ಫೋನು ಮಾಡಿದೆ.

“ಡಾಕ್ಟರು ಹೇಳಿದ್ರ ಕುಡಿ ಅಣ್ಣಾ. ಆದ್ರ ಬರೇ ಕುಡದು ಕುಂತ್ರ ಏನೂ ಆಗಂಗಿಲ್ಲ. ಐತವಾರ ಇಲ್ಲಿಗೆ ಬಾ.”

ಭಾನುವಾರ ಹೋದೆ. ಕಬ್ಬಿಣದ ಭಾರಗಳ ಹತ್ತಿರಕ್ಕೂ ಬಿಡಲಿಲ್ಲ. ಒಂದು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, ಕೈ ಊರದೆ ಏಳು ಅಂದಳು. ಇಷ್ಟೇನಾ ಎಂದು ಏಳಹೋದೆ. ಅರ್ಧಕ್ಕೆ ಬಂದು ಧೊಪ್ಪೆಂದು ಕೂತೆ. ಸುತ್ತಲಿದ್ದ ಹುಡುಗಿಯರು ಮರ್ಯಾದೆಯಿಂದ ಬೇರೆ ಕಡೆ ನೋಡಿದರು. ಗಿರಿಜಾ ಮಾತ್ರ ನನ್ನ ಮೊಣಕಾಲನ್ನೇ ನೋಡುತ್ತಿದ್ದಳು.

“ಇನ್ನೊಮ್ಮೆ” ಅಂದಳು.

ಎದ್ದೆ.