ಅಜ್ಜಿಯ ಜಾಗ, ರೈಲಿನ ಕಲ್ಲು

ಕಿತ್ತೂರಿನಿಂದ ಬೈಲಹೊಂಗಲದ ಕಡೆಗೆ ಬರುವಾಗ ನಮ್ಮ ಎರೆಹೊಲ ಸಿಗುತ್ತದೆ. ತೀರಿಕೊಂಡವರನ್ನು ನಾವು ಸುಡುವುದಿಲ್ಲ. ಸ್ವಂತ ಹೊಲದಲ್ಲೇ ಕೂಡ್ರಿಸಿ ಮಣ್ಣು ಕೊಡುತ್ತೇವೆ. ನಾನು ಹುಟ್ಟುವ ಮೊದಲಿನಿಂದಲೂ ಅಜ್ಜ ಆ ಹೊಲದ ನಡುವೆ ಕುಳಿತಿದ್ದಾನೆ. ರೈಲಿನ ಸರ್ವೆಯವರು ಬಂದು ಅವನ ಸಮಾಧಿಯ ಮಗ್ಗುಲಲ್ಲೇ ಹಳದಿ ಬಣ್ಣದ ಕಲ್ಲು ನೆಟ್ಟು ಹೋದಾಗ ಅಜ್ಜಿ ಹಾಸಿಗೆ ಹಿಡಿದಿದ್ದಳು. "ನನ್ನ ಅವರ ಬಾಜೂಕ ಇಡ್ರಿ" ಎನ್ನುವುದೊಂದೇ ಆಕೆಯ ಬೇಡಿಕೆ.

"ಅವ್ವಾ, ಅಲ್ಲೆ ರೈಲು ಬರತೈತಿ" ಎಂದ ಕಾಕಾ.

"ಬರಲಿ ಬಿಡೋ. ನಿಮ್ಮಪ್ಪ ಮೊದಲ ಹೋಗಿ ಟವೆಲ್ ಹಾಕಿ ನನಗ ಸೀಟ ಹಿಡದಾರ."

ರೈಲು ಬೇಕೆಂದು ಕಾಲೇಜಿನ ವೇದಿಕೆಯಲ್ಲಿ ವಾದಿಸಿ ಗೆದ್ದವಳು ನಾನು. ಸವದತ್ತಿ, ರಾಮದುರ್ಗದ ಗೆಳತಿಯರು ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬರುವುದನ್ನು ದಿನವೂ ಕಂಡಿದ್ದೆ. ಆದರೆ ಬೇಕು ಎಂಬುದು ಬರುತ್ತದೆ ಎಂಬುದಕ್ಕೆ ಪುರಾವೆಯಲ್ಲ. ನಮ್ಮ ಕಾಮಗಾರಿಗಳು ತಡವಾಗುವುದು ಸಲಿಕೆ ನಿಧಾನವಾದ್ದರಿಂದಲ್ಲ, ಪ್ರತಿ ಸಲವೂ ಮೊದಲಿನಿಂದ ಶುರುಮಾಡುವುದರಿಂದ. ಒಬ್ಬರು ಅಳೆದದ್ದನ್ನು ಇನ್ನೊಬ್ಬರು ನಂಬುವುದಿಲ್ಲ. ಜಮೀನು ಕೈಗೆ ಬರುವಷ್ಟರಲ್ಲಿ ನಕ್ಷೆ ಹಳತಾಗಿರುತ್ತದೆ.

ಅದಕ್ಕೇ ಕಾಕಾನಿಗೆ ಹೇಳಿದೆ. "ರೈಲು ಬರಲಿಲ್ಲ ಅಂದ್ರ ಇಬ್ಬರೂ ಕೂಡಿ ಇರತಾರ. ಬಂದ್ರ ಹೆಂಗೂ ಅಜ್ಜನ್ನ ತೆಗಿಬೇಕು, ಇಬ್ಬರನ್ನೂ ಕೂಡೇ ತೆಗಿಯೂನು. ಎರಡರಾಗೂ ಆಕಿ ಅಲ್ಲೇ ಇರೋದ ಛಲೋ."

"ನಿನ್ನ ಡಿಬೇಟ್ ಕಾಲೇಜಿನ್ಯಾಗ ಇಟ್ಕೋ. ಅಪ್ಪನ್ನ ಇಟ್ಟು ಎಷ್ಟೋ ಕಾಲ ಆತು, ಮಣ್ಣಾಗ್ಯಾನ. ಅವ್ವನ್ನ ಇವತ್ತ ಇಟ್ಟು ನಾಳೆ ತೆಗಿ ಅಂದ್ರ, ನೀ ತೆಗೀತಿ?"

ಜೋಳ ತೆನೆಗಟ್ಟುವ ಹೊತ್ತಿಗೆ ಅಜ್ಜಿ ಹೋದಳು. ಕಾಕಾ ಆಕೆಯನ್ನು ಮೂಡಣ ಬದುವಿನ ಬೇವಿನ ಕೆಳಗೆ ಕೂಡ್ರಿಸಿದ. ಮುಂದಿನ ಬಿತ್ತನೆಯಲ್ಲಿ ರೈಲಿಗೆಂದು ಹೊಲದ ನಡುವೆ ಒಂದು ಪಟ್ಟಿಯನ್ನು ಬಿತ್ತದೇ ಬಿಟ್ಟ. ಆ ಪಟ್ಟಿಯಲ್ಲಿ ಆಳೆತ್ತರ ಹುಲ್ಲು ಬೆಳೆಯಿತು. ಅದನ್ನು ಸೀಳಿಕೊಂಡು ಅಜ್ಜನಿಂದ ಬೇವಿನ ಗಿಡದವರೆಗೆ ಒಂದು ಕಾಲುದಾರಿ ಬಿದ್ದಿತು.

ದೆವ್ವವನ್ನು ನಾನು ನಂಬುವುದಿಲ್ಲ. ನಾಯಿ ತುಳಿದಿರಬೇಕು, ದನ ತುಳಿದಿರಬೇಕು ಎಂದುಕೊಂಡೆ. ಹೊಲಕ್ಕೆ ಬರುವ ಆಳುಮಕ್ಕಳು ಮಾತ್ರ ಸಂಜೆಯಾದರೆ ಆ ದಾರಿಯನ್ನು ದಾಟುತ್ತಿರಲಿಲ್ಲ. ನಾನು ದಾಟುತ್ತಿದ್ದೆ. ದಾಟುವಾಗ ಯಾಕೋ ಪಕ್ಕಕ್ಕೆ ಸರಿದು, ಯಾರಿಗೋ ಹಾದಿ ಬಿಟ್ಟುಕೊಟ್ಟಂತೆ ನಡೆಯುತ್ತಿದ್ದೆ. ಅದಕ್ಕೆ ನನ್ನಲ್ಲಿ ತರ್ಕವಿಲ್ಲ.

ಈ ವರ್ಷ ಹೊಸ ಸರ್ವೆಯವರು ಬಂದರು. ಹಳದಿ ಕಲ್ಲನ್ನು ತಿರುಗಿಯೂ ನೋಡಲಿಲ್ಲ. ಯಂತ್ರದ ಮುಕ್ಕಾಲಿ ಹೂಡಿ, ಅಳೆದು, ಕೆಂಪು ಬಣ್ಣದ ಕಲ್ಲನ್ನು ತಂದು ಬೇವಿನ ಬುಡದಲ್ಲಿ ಇಳಿಸಿದರು.

"ಇಲ್ಲಿ ಏನೈತ್ರಿ?" ಎಂದ ಅವರಲ್ಲೊಬ್ಬ.

"ನಮ್ಮವ್ವ" ಎಂದ ಕಾಕಾ.

ಅವನು ಚಪ್ಪಲಿ ಬಿಟ್ಟು ಕೈಮುಗಿದ. ಕಲ್ಲನ್ನು ಮಾತ್ರ ಸರಿಸಲಿಲ್ಲ.

ಅವರು ಹೋದ ಮೇಲೆ ನಾನೇ ಬಾಯಿಬಿಟ್ಟೆ. "ಕಾಕಾ, ರೈಲು ಈಗ ಅಜ್ಜನ್ನ ಬಿಟ್ಟು ಈ ಕಡೆ ಸರದೈತಿ. ಈಗಾದ್ರೂ ಆಕಿನ್ನ ಅಜ್ಜನ ಬಾಜೂಕ ಒಯ್ಯೂನು."

"ರೈಲು ಬರೋದ ಖರೇ ಅಂತ ನೀ ಹೇಳು, ನಾಳೇನ ಒಯ್ಯೂನು. ಸುಳ್ಳ ರೈಲಿಗೆ ನಾ ಅವ್ವನ್ನ ಎಬ್ಬಸೂದಿಲ್ಲ."

ಬರುತ್ತದೆ ಎಂದು ಹೇಳಲು ಬಾಯಿ ತೆರೆದೆ. ಆಗ ಅಜ್ಜನ ಮಗ್ಗುಲ ಹಳದಿ ಕಲ್ಲು ಕಣ್ಣಿಗೆ ಬಿತ್ತು.